ಮನೆಯ ಹಿರಿಯರ ನೆನಪಿಗೆ ಇಪ್ಪತ್ತನಾಲ್ಕು ಪುಟ: ಪುಸ್ತಿಕೆ ಮಾಡುವ ಬಗೆ

ಕೊಡಗಿನ ಹಳ್ಳಿಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಅವರ ಬಗ್ಗೆ ಅಚ್ಚಾಗುವುದು ನಾಲ್ಕೇ ಸಾಲು. ಹೆಸರು, ಪ್ರಾಯ, ‘ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ’, ಅಂತ್ಯಕ್ರಿಯೆಯ ಹೊತ್ತು. ಪತ್ರಿಕೆಗೆ ಅಷ್ಟು ಸಾಕು. ಆದರೆ ಗದ್ದೆ, ತೋಟ, ಮನೆ, ಊರ ದೇವಸ್ಥಾನ ಇಷ್ಟರಲ್ಲೇ ಬಾಳಿದವರ ಬಗ್ಗೆ ಬೇರೆಲ್ಲೂ ಒಂದಕ್ಷರ ಸಿಗುವುದಿಲ್ಲ. ಸಂಘದ ಅಧ್ಯಕ್ಷರಾಗಿದ್ದವರ ಫೋಟೊ ಸಂಘದ ಗೋಡೆಯ ಮೇಲಾದರೂ ಇರುತ್ತದೆ; ಊರಿನ ಮದುವೆಗಳಿಗೆಲ್ಲ ಒಲೆ ಮುಂದೆ ನಿಂತು ಅನ್ನ ಬಸಿದವರದ್ದು ಎಲ್ಲೂ ಇರುವುದಿಲ್ಲ. ಅಂಥವರಿಗಾಗಿ ಎ5 ಅಳತೆಯ ಒಂದು ಪುಸ್ತಿಕೆ ಮಾಡುವ ಕ್ರಮ ಇದು.

ಮಾದ ಅಥವಾ ಉತ್ತರಕ್ರಿಯೆಯ ದಿನಕ್ಕೇ ಹಂಚಬೇಕೆಂಬ ಹಟ ಬೇಡ. ಆ ದಿನಗಳಲ್ಲಿ ಯಾರನ್ನು ಕೇಳಿದರೂ ಹೊಗಳಿಕೆ ಬಿಟ್ಟು ಬೇರೆ ಮಾತು ಬರುವುದಿಲ್ಲ, ಬರಬಾರದು ಕೂಡ. ವರ್ಷದ ತಿಥಿಗೆ ಗುರಿ ಇಟ್ಟುಕೊಳ್ಳಿ. ಜನರನ್ನು ಮಾತಾಡಿಸಲು ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲವೇ ಸರಿ. ನಾಟಿಯ ದಿನಗಳನ್ನು ಬಿಟ್ಟರೆ ಎಲ್ಲರೂ ಮನೆಯಲ್ಲೇ ಸಿಗುತ್ತಾರೆ. ಡಿಸೆಂಬರ್‌ನಲ್ಲಿ ಕಾಫಿ ಕುಯ್ಲು ಶುರುವಾದ ಮೇಲೆ ಯಾರೂ ಒಂದು ಗಂಟೆ ಕೂರುವುದಿಲ್ಲ. ಮಳೆಗಾಲದಲ್ಲಿ ಕರೆಂಟಿನ ಭರವಸೆಯಿಲ್ಲ, ಆದ್ದರಿಂದ ಫೋನ್ ತುಂಬ ಚಾರ್ಜ್ ಮಾಡಿಕೊಂಡೇ ಹೊರಡಿ.

ಹೆಸರು, ಇಸವಿ

ಮೊದಲ ಪುಟದಲ್ಲೇ ತಪ್ಪುವುದು ಹೆಸರು. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು ಮೊದಲು, ಆಮೇಲೆ ಸಾಮಾನ್ಯವಾಗಿ ತಂದೆಯ ಹೆಸರು, ಕೊನೆಗೆ ಸ್ವಂತದ್ದು: ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಎಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ. ಇನಿಷಿಯಲ್ ಬಿಡಿಸಿ ಪೂರ್ತಿ ಬರೆಯಿರಿ. ಇಲ್ಲದಿದ್ದರೆ ಎರಡು ತಲೆಮಾರು ಕಳೆದ ಮೇಲೆ ಒಂದೇ ಒಕ್ಕದ ಇಬ್ಬರು ಒಬ್ಬರಾಗಿಬಿಡುತ್ತಾರೆ. ಪತ್ನಿಯ ತಾಮನೆಯ (ತವರುಮನೆಯ) ಹೆಸರನ್ನು ಬಿಡಬೇಡಿ. ಸೊಸೆಯಂದಿರು, ಹೆಣ್ಣುಮಕ್ಕಳು ಇವರ ಹೆಸರೂ ಬರಲಿ. ‘ಮೂವರು ಪುತ್ರಿಯರು’ ಎಂದು ಲೆಕ್ಕ ಕೊಟ್ಟು ಮುಗಿಸುವುದು ಪತ್ರಿಕೆಯ ಅನಿವಾರ್ಯ, ನಿಮ್ಮದಲ್ಲ.

ಹುಟ್ಟಿದ ದಿನಕ್ಕೆ ಶಾಲೆಯ ದಾಖಲೆಯೊಂದನ್ನೇ ನಂಬಬೇಡಿ. ಹಳಬರ ಕಾಲದಲ್ಲಿ ಶಾಲೆಗೆ ಸೇರಿಸಲು ವಯಸ್ಸು ಹೊಂದುವಂತೆ ಮೇಷ್ಟ್ರೇ ಒಂದು ತಾರೀಖು ಬರೆದುಕೊಳ್ಳುವುದಿತ್ತು. ಜಾತಕ ಇದ್ದರೆ ತಾಳೆ ನೋಡಿ. ಸೈನ್ಯದಲ್ಲಿದ್ದವರಾದರೆ ಡಿಸ್ಚಾರ್ಜ್ ಬುಕ್ಕಿನಲ್ಲಿ ಸೇರಿದ ದಿನ, ಬಿಟ್ಟ ದಿನ, ರೆಜಿಮೆಂಟು ಖಚಿತವಾಗಿ ಸಿಗುತ್ತದೆ. ತಾಲ್ಲೂಕಿನ ಹೆಸರಿನಲ್ಲೂ ಎಚ್ಚರ: ಪೊನ್ನಂಪೇಟೆ, ಕುಶಾಲನಗರ ತಾಲ್ಲೂಕುಗಳಾದದ್ದು ಈಚೆಗೆ, ಹಳೆಯ ಕಾಗದದಲ್ಲಿ ವಿರಾಜಪೇಟೆ, ಸೋಮವಾರಪೇಟೆ ಎಂದೇ ಇರುತ್ತದೆ.

ಇಸವಿ ನೆನಪಿಲ್ಲ ಎನ್ನುವವರಿಗೆ ಇಸವಿ ಕೇಳಬೇಡಿ. ಎಲ್ಲರಿಗೂ ಗೊತ್ತಿರುವ ಘಟನೆಯೊಂದನ್ನು ಮುಂದಿಡಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿಗೆ ಬೆಲೆ ಏರಿದ್ದು 1994ರಲ್ಲಿ. ಕರಡದಲ್ಲಿ ಮೊದಲ ಕೊಡವ ಹಾಕಿ ಉತ್ಸವ ನಡೆದದ್ದು 1997ರಲ್ಲಿ. ಗುಡ್ಡ ಜರಿದದ್ದು 2018ರ ಆಗಸ್ಟ್‌ನಲ್ಲಿ. ‘ಮನೆಗೆ ಹೆಂಚು ಹಾಕಿದ್ದು ಕಾಫಿ ರೇಟು ಏರಿದ ಮೇಲೋ ಮೊದಲೋ?’ ಎಂದರೆ ಉತ್ತರ ತಾನಾಗಿ ಬರುತ್ತದೆ.

ಮಾತಾಡಿಸುವುದು

‘ಅವರು ಹೇಗಿದ್ದರು?’ ಎಂಬ ಪ್ರಶ್ನೆಗೆ ಊರೆಲ್ಲ ಕೊಡುವ ಉತ್ತರ ಒಂದೇ: ದೇವರಂಥ ಮನುಷ್ಯ. ಅದರಿಂದ ಒಂದು ಸಾಲೂ ಹುಟ್ಟುವುದಿಲ್ಲ. ಕೆಲಸ, ಜಾಗ, ಹೊತ್ತು ಹಿಡಿದು ಕೇಳಬೇಕು. ಬೆಳಿಗ್ಗೆ ಎದ್ದು ಮೊದಲು ಎಲ್ಲಿಗೆ ಹೋಗುತ್ತಿದ್ದರು, ಕೊಟ್ಟಿಗೆಗೋ ಗದ್ದೆಗೋ? ನಾಟಿಗೆ ಮುಯ್ಯಾಳು ಯಾರ ಮನೆಯಿಂದ ಬರುತ್ತಿತ್ತು, ಇವರು ಯಾರ ಮನೆಗೆ ಹೋಗುತ್ತಿದ್ದರು? ನಾಟಿ ಮುಗಿದ ದಿನ ದೊಡ್ಡ ಗದ್ದೆಯಲ್ಲಿ ನಾಟಿ ಓಟ ಇಡುತ್ತಿದ್ದರೆ? ಸುಗ್ಗಿಹಬ್ಬ ಪುತ್ತರಿಗೆ ಮೊದಲ ಕದಿರು ತೆಗೆದದ್ದು ಯಾವ ಗದ್ದೆಯಲ್ಲಿ? ಮಕ್ಕಳಿಗೆ ಜ್ವರ ಬಂದರೆ ರಾತ್ರಿ ಎದ್ದು ಕೂರುತ್ತಿದ್ದವರು ಯಾರು? ಸಿಟ್ಟು ಬಂದರೆ ಏನು ಮಾಡುತ್ತಿದ್ದರು?

ಗದ್ದೆಗಳ ಹೆಸರನ್ನು ತಪ್ಪದೆ ಬರೆದುಕೊಳ್ಳಿ. ಒಂದೊಂದು ಮಡಿಗೂ ಹೆಸರಿರುತ್ತದೆ. ಪಹಣಿಯಲ್ಲಿರುವುದು ಸರ್ವೆ ನಂಬರು ಮಾತ್ರ. ನಾಟಿ ನಿಂತು ಹೋದ ಗದ್ದೆಯಾದರೆ ಆ ಹೆಸರು ಹೇಳುವವರು ಒಬ್ಬಿಬ್ಬರು ಉಳಿದಿರಬಹುದು. ವಿಸ್ತೀರ್ಣವನ್ನು ಹಳಬರು ಭಟ್ಟಿ ಎಂಬ ಹಳೆಯ ಅಳತೆಯಲ್ಲಿ ಹೇಳಿದರೆ ಹಾಗೇ ಬರೆಯಿರಿ, ಅಂದಾಜಿನಲ್ಲಿ ಎಕರೆ ಮಾಡಲು ಹೋಗಬೇಡಿ. ಗದ್ದೆ, ಬಾಣೆ (ಗದ್ದೆಗೆ ಸೇರಿದ ಮೇಲಿನ ಜಾಗ), ತೋಡು, ಕಣ, ಐನ್‌ಮನೆ (ಒಕ್ಕದ ಮೂಲಮನೆ), ಕೈಮಡ (ಹಿರಿಯರ ಗುಡಿ) ಇವನ್ನು ಗುರುತಿಸಿದ ಕೈನಕ್ಷೆಯೊಂದನ್ನು ನಡುವಿನ ಎರಡು ಪುಟಕ್ಕೆ ಹರಡಿದರೆ ಮೊಮ್ಮಕ್ಕಳು ಮೊದಲು ತೆರೆಯುವುದು ಅದನ್ನೇ.

ನೆಂಟರಲ್ಲಿಗೆ ಮಾತ್ರ ಹೋದರೆ ಅರ್ಧ ಮನುಷ್ಯ ಸಿಗುತ್ತಾನೆ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ವರ್ಷಗಟ್ಟಲೆ ಇದ್ದವರು, ತೋಟದ ಲೆಕ್ಕ ಬರೆಯುವ ರೈಟರ್, ಸಹಕಾರ ಸಂಘದ ಗುಮಾಸ್ತ, ದೇವಸ್ಥಾನದ ಮುಖ್ಯಸ್ಥರಾದ ತಕ್ಕರು, ಜೀಪ್ ಓಡಿಸುತ್ತಿದ್ದವರು ಇವರನ್ನೆಲ್ಲ ಕಾಣಿ. ಕೆಲಸದವರನ್ನು ಯಜಮಾನರ ಮಕ್ಕಳು ಜಗಲಿಗೆ ಕರೆಸಿ ಕೇಳಿದರೆ ಒಳ್ಳೆಯದಷ್ಟೇ ಹೇಳುತ್ತಾರೆ. ಅವರ ಮನೆಗೇ ಹೋಗಿ, ಆದರೆ ಹೊರಗಿನವರೊಬ್ಬರನ್ನು ಕಳಿಸುವುದು ಇನ್ನೂ ಮೇಲು. ರೆಕಾರ್ಡ್ ಮಾಡುವ ಮುನ್ನ ಕೇಳಿಕೊಳ್ಳಿ. ಹೆಂಚಿನ ಮೇಲೆ ಜೋರು ಮಳೆ ಹೊಯ್ಯುವಾಗ ದನಿ ಮುಳುಗುತ್ತದೆ, ತಗಡಿನ ಮಾಡಾದರಂತೂ ಏನೂ ಉಳಿಯುವುದಿಲ್ಲ. ಫೋನನ್ನು ಮಾತಾಡುವವರಿಂದ ಒಂದು ಗೇಣು ದೂರದಲ್ಲಿ, ಬಟ್ಟೆಯ ಮೇಲೆ ಇಡಿ. ಒಬ್ಬೊಬ್ಬರಿಗೆ ನಲವತ್ತು ನಿಮಿಷ ಸಾಕು. ಎದ್ದು ಹೊರಡುವಾಗ ಬಾಗಿಲಲ್ಲಿ ಹೇಳುವ ಮಾತೇ ಹೆಚ್ಚಾಗಿ ಚೆನ್ನಾಗಿರುತ್ತದೆ, ಆದ್ದರಿಂದ ರೆಕಾರ್ಡರನ್ನು ಗೇಟಿನವರೆಗೂ ನಿಲ್ಲಿಸಬೇಡಿ.

ಮಳೆ ಡೈರಿಯನ್ನು ಹುಡುಕಿ. ಅಂಗಳದಲ್ಲಿ ಮಳೆ ಅಳೆಯುತ್ತಿದ್ದ ಮನೆಯಾದರೆ ಕಪಾಟಿನಲ್ಲಿ ಸಾಲು ಡೈರಿಗಳಿರುತ್ತವೆ. 1.20 ಎಂದು ಬರೆದಿದ್ದರೆ 1 ಇಂಚು 20 ಸೆಂಟ್ (ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಭಾಗ), ಅಂದರೆ ಸುಮಾರು 30 ಮಿಲಿಮೀಟರ್. ಅಂಕಿಗಿಂತ ಬೆಲೆಯುಳ್ಳದ್ದು ಅದರ ಪಕ್ಕದ ಚಿಕ್ಕ ಅಕ್ಷರ: ಹಸು ಕರು ಹಾಕಿದ್ದು, ಕಾಫಿ ಹೂ ಅರಳಿಸುವ ಹೂಮಳೆ ಬಾರದ ವರ್ಷ ಸ್ಪ್ರಿಂಕ್ಲರ್ ಪಂಪನ್ನು ಪಕ್ಕದ ತೋಟಕ್ಕೆ ಎರಡು ದಿನ ಕೊಟ್ಟದ್ದು, ಮಗಳ ಪರೀಕ್ಷೆಯ ಫಲಿತಾಂಶ. ಅಂಥ ಒಂದು ಪುಟವನ್ನು ಕೈಬರಹ ಇದ್ದ ಹಾಗೇ ಅಚ್ಚು ಹಾಕಿ. ಸಾಲದ ಲೆಕ್ಕವಿರುವ ಪುಟ ಬೇಡ. ಕೊಟ್ಟವರ, ಪಡೆದವರ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಪಾಲಿನ ಜಗಳಕ್ಕೂ ಅದೇ ಮಾತು.

ಫೋಟೊ

ಕೊಡಗಿನ ತೇವಕ್ಕೆ ಫೋಟೊ ಮೊದಲು ಬೂಷ್ಟು ಹಿಡಿಯುತ್ತದೆ, ಆಮೇಲೆ ಫ್ರೇಮಿನ ಗಾಜಿಗೆ ಅಂಟುತ್ತದೆ. ಅಂಟಿದ್ದನ್ನು ಕೀಳಬೇಡಿ, ಮುಖವೇ ಗಾಜಿನಲ್ಲಿ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಲೆ ಒಳಗಿಳಿಯುತ್ತದೆ. ಒಣಗಿದ ದಿನ ಮೆತ್ತನೆಯ ಬ್ರಷ್‌ನಿಂದ ಮೆಲ್ಲಗೆ ತೆಗೆಯಿರಿ, ಮೂಗಿಗೆ ಮಾಸ್ಕ್ ಇರಲಿ. ಚಿಕ್ಕ ಕಪ್ಪು ಬಿಳುಪು ಚಿತ್ರಗಳಿಗೆ 600 ಡಿಪಿಐ, ಪೋಸ್ಟ್‌ಕಾರ್ಡ್‌ನಷ್ಟು ದೊಡ್ಡದಕ್ಕೆ 300 ಸಾಕು. ಫೋನಿನಲ್ಲೇ ತೆಗೆಯುವುದಾದರೆ ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ. ವಾಟ್ಸಾಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಕೊಡವ ಉಡುಪಾದ ಕುಪ್ಯ ಚೇಲೆ ಉಟ್ಟ ಮದುವೆಯ ಚಿತ್ರ ಒಂದಿರಲಿ, ಹಾರೆ ಹಿಡಿದದ್ದು ಎರಡಿರಲಿ. ಗುಂಪಿನ ಚಿತ್ರದಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರು ಈಗಲೇ ಹಾಕಿ.

ಬರೆಯುವುದು, ಅಚ್ಚು ಹಾಕಿಸುವುದು

‘ಸರಳ ಸಜ್ಜನಿಕೆಯ ಮೂರ್ತಿ’, ‘ಕೊಡುಗೈ ದಾನಿ’ ಎಂಬಂಥವನ್ನೆಲ್ಲ ಹೊಡೆದು ಹಾಕಿ, ಆ ಜಾಗದಲ್ಲಿ ನಡೆದದ್ದನ್ನು ಇಡಿ. ಉದಾಹರಣೆಗೆ: ‘ಮಳೆ ಹಿಡಿಯುವ ಮೊದಲೇ ತೋಡಿನ ಕೆಸರು ತೆಗೆಸುತ್ತಿದ್ದರು. ಮೇಲಿನ ಗದ್ದೆಯವರ ಏರಿ ಒಡೆದರೆ ಕರೆಯುವ ತನಕ ಕಾಯದೆ ಹಾರೆ ಹಿಡಿದು ಹೋಗುತ್ತಿದ್ದರು. ಹಿಂದಿರುಗಿ ಬಂದು ಯಾಕೆ ಮೊದಲೇ ನೋಡಿಕೊಳ್ಳಲಿಲ್ಲ ಎಂದು ಬೈಯುತ್ತಿದ್ದರು.’ ಆ ಬೈಗುಳವನ್ನು ಮನೆಯವರು ತೆಗೆಸಲು ನೋಡುತ್ತಾರೆ. ಬಿಟ್ಟುಕೊಡಬೇಡಿ. ಮಾತಾಡಿದವರ ಕೊಡವ ತಕ್ಕ್, ಅರೆಭಾಷೆಯ ಸಾಲುಗಳನ್ನು ಹಾಗೇ ಉಳಿಸಿ, ಕೆಳಗೆ ಕನ್ನಡ ಕೊಡಿ.

ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು: 16, 20, 24. ಅಕ್ಷರ 13 ಪಾಯಿಂಟ್‌ಗಿಂತ ಸಣ್ಣದಾದರೆ ಓದಬೇಕಾದ ಹಿರಿಯರೇ ಓದಲಾರರು. ಒಳಪುಟಕ್ಕೆ 80 ಜಿಎಸ್‌ಎಂ ತೂಕದ ಮ್ಯಾಪ್‌ಲಿಥೋ ಕಾಗದ ಸಾಕು, ಫೋಟೊ ಪುಟಗಳಿಗಷ್ಟೇ ಆರ್ಟ್ ಪೇಪರ್. ನೂರಿನ್ನೂರು ಪ್ರತಿಗೆ ಡಿಜಿಟಲ್ ಅಚ್ಚು ಅಗ್ಗ. ಐನೂರು ದಾಟಿದರೆ ಆಫ್‌ಸೆಟ್ ಕೇಳಿ ನೋಡಿ.

ಹೆಚ್ಚು ಕೆಡುವುದು ಡಿಟಿಪಿಯಲ್ಲಿ. ಫೋನಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್. ಅಂಗಡಿಯವರು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಕೆಲಸ ಮಾಡುವವರಾದರೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತು ಚದುರುತ್ತವೆ. ಪಿಡಿಎಫ್‌ನಲ್ಲಿ ನೋಡಿ ಸರಿ ಎನ್ನದೆ ಕಾಗದದ ಮೇಲೆ ತೆಗೆಸಿ, ಒಬ್ಬರು ಗಟ್ಟಿಯಾಗಿ ಓದುತ್ತ ಇನ್ನೊಬ್ಬರು ಮೂಲ ಹಿಡಿದು ತಾಳೆ ನೋಡಿ. ಒಕ್ಕದ ಹೆಸರುಗಳನ್ನು ಮಾತ್ರ ಪಟ್ಟಿ ಮಾಡಿ ಆಯಾ ಒಕ್ಕದವರಿಗೇ ತೋರಿಸಿ. ‘ಅಂಡ’, ‘ಇರ’ ಕೊನೆಗಳಲ್ಲಿ ಒಂದಕ್ಷರ ತಪ್ಪಿದರೂ ಅದು ಬೇರೆ ಮನೆಯಾಗುತ್ತದೆ.

ಹಂಚುವಾಗ ಲೈನ್ ಮನೆಗಳಿಗೂ ಕೊಡಿ, ಮಾತಾಡಿದವರಿಗೆ ಮೊದಲು ಕೊಡಿ. ಒಂದು ಪ್ರತಿಯನ್ನು ತಿದ್ದುಪಡಿಗೆಂದೇ ಐನ್‌ಮನೆಯಲ್ಲಿ ಪೆನ್ಸಿಲ್ ಸಮೇತ ಇಡಿ: ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಿಗೆ ಒಕ್ಕದವರು ಸೇರಿದಾಗ ತಪ್ಪು ಇಸವಿ, ಬಿಟ್ಟುಹೋದ ಹೆಸರು ತಾವಾಗಿ ಹೊರಬೀಳುತ್ತವೆ. ರೆಕಾರ್ಡಿಂಗ್, ಸ್ಕ್ಯಾನ್‌ಗಳ ಎರಡು ಪ್ರತಿ ಎರಡು ಬೇರೆ ಮನೆಗಳಲ್ಲಿರಲಿ, ಒಂದು ಕೊಡಗಿನ ಹೊರಗೆ.