ಬಾವಿಕಟ್ಟೆ ಪಕ್ಕದ ಒಂದೆಲಗ

ಒಂದೆಲಗವನ್ನು ಯಾರಾದರೂ ಬೆಳೆಸ್ತಾರಾ, ಅದು ತಾನಾಗೇ ಬರೋ ಸೊಪ್ಪು ಅಲ್ವಾ ಎಂದು ನಮ್ಮ ಕಡೆ ಕೇಳುತ್ತಾರೆ. ನಿಜ. ಸಾಗರ, ಶಿರಸಿ ಕಡೆ ಗದ್ದೆ ಬದು, ಕೆರೆ ಅಂಚು, ಅಡಿಕೆ ತೋಟದ ಕಾಲುವೆ ಬದಿ, ನೆಲ ಎಲ್ಲೆಲ್ಲಿ ಒದ್ದೆಯಾಗಿರುತ್ತದೋ ಅಲ್ಲೆಲ್ಲ ಅದು ಹಬ್ಬಿರುತ್ತದೆ. ಆದರೂ ನಾನು ಮನೆಬಳಕೆಗೆ ಅಂತಲೇ ಬೇರೆ ಪಾತಿ ಮಾಡಿದ್ದೇನೆ. ಅದಕ್ಕೆ ಕಾರಣ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ.

ಕೊಳೆರೋಗ ಬಾರದಿರಲಿ ಅಂತ ಮಳೆ ಶುರುವಾಗುವ ಹೊತ್ತಿಗೆ ಅಡಿಕೆಗೆ ತಾಮ್ರದ ಅಂಶವಿರುವ ಮೈಲುತುತ್ತ, ಸುಣ್ಣ ಸೇರಿಸಿದ ಈ ದ್ರಾವಣ ಹೊಡೆಯುತ್ತೇವೆ, 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯುತ್ತೇವೆ. ಅಡಿಕೆ ಗೊನೆಗೆ ಹೊಡೆದದ್ದು ಗೊನೆಯಲ್ಲೇ ನಿಲ್ಲುವುದಿಲ್ಲ, ಸಾಕಷ್ಟು ಕೆಳಗೆ ತೊಟ್ಟಿಕ್ಕುತ್ತದೆ. ಬುಡದ ಒಂದೆಲಗದ ಎಲೆ ಮೇಲೆ ತಿಳಿನೀಲಿ ಚುಕ್ಕಿ ಕಾಣುತ್ತದೆ. ನಾವು ಇದನ್ನು ಬೇಯಿಸದೆ ಹಸಿಯಾಗೇ ರುಬ್ಬಿ ತಿನ್ನುವವರು. ಸಾಲದ್ದಕ್ಕೆ ಈ ಗಿಡಕ್ಕೆ ಮಣ್ಣಿನಲ್ಲಿರುವ ಲೋಹಗಳನ್ನು ಹೀರಿಕೊಳ್ಳುವ ಗುಣ ಬೇರೆ ಇದೆ. ಹಾಗಾಗಿ ತೋಟದ ಒಳಗಿನದು, ಪೇಟೆಯಲ್ಲಾದರೆ ಚರಂಡಿ ಪಕ್ಕದ್ದು, ಎಷ್ಟೇ ಸೊಂಪಾಗಿ ಕಂಡರೂ ಕೊಯ್ಯಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಪಾತಿಗೆ ಆರಿಸಿದ್ದು ಬಾವಿಕಟ್ಟೆ ಪಕ್ಕದ ಜಾಗ. ಬೆಳಗಿನ ಎಳೆಬಿಸಿಲು ಬೀಳುತ್ತದೆ, ಮಧ್ಯಾಹ್ನಕ್ಕೆ ದಾಸವಾಳದ ನೆರಳು ಬರುತ್ತದೆ, ಚೆಲ್ಲಿದ ಬಾವಿನೀರು ಅಲ್ಲೇ ಇಂಗುತ್ತದೆ. ಬೀಜದ ಗೋಜಿಗೆ ಹೋಗಲೇ ಇಲ್ಲ. ಈ ಗಿಡ ನೆಲದ ಮೇಲೆ ಬಳ್ಳಿ ಬಿಟ್ಟು ಗೆಣ್ಣುಗೆಣ್ಣಿಗೂ ಬೇರೂರುತ್ತದೆ, ಆ ಬೇರು ಸಮೇತ ಗೆಣ್ಣು ಕತ್ತರಿಸಿ ತಂದರೆ ಅದೇ ಸಸಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮಣ್ಣು ಸಡಿಲ ಮಾಡಿ, ಚೆನ್ನಾಗಿ ಕಳಿತ ಸಗಣಿಗೊಬ್ಬರ ಬೆರೆಸಿ, ಗೇಣಿಗೊಂದರಂತೆ ನೆಟ್ಟೆ. ಹಸಿ ಸಗಣಿ ಮಾತ್ರ ಬೇಡವೇ ಬೇಡ, ಎಲೆ ನೆಲಕ್ಕೆ ತಾಗಿಕೊಂಡೇ ಇರುತ್ತದಲ್ಲ.

ತರುವಾಗ ಗಿಡ ಸರಿಯಾಗಿ ನೋಡಿಕೊಳ್ಳಿ. ಒಂದೆಲಗವನ್ನು ಬ್ರಾಹ್ಮಿ ಅಂತಲೂ ಕರೆಯುತ್ತಾರೆ, ಆದರೆ ನರ್ಸರಿಗಳಲ್ಲಿ ಬ್ರಾಹ್ಮಿ ಅಂತ ಕೇಳಿದರೆ ಕೆಲವೊಮ್ಮೆ ದುಂಡನೆಯ, ಮಿರಮಿರ ಮಿಂಚುವ ಎಲೆಯ ಬೇರೆ ಗಿಡ ಕೊಡುತ್ತಾರೆ. ಎಲೆ ತಿರುಗಿಸಿ ನೋಡಿ. ಆ ಗಿಡದಲ್ಲಿ ತೊಟ್ಟು ಎಲೆಯ ನಟ್ಟನಡುವೆ ಕೊಡೆಯ ಕೋಲಿನ ಹಾಗೆ ಸೇರಿರುತ್ತದೆ. ನಮ್ಮ ಒಂದೆಲಗದ ಎಲೆಗೆ ಬುಡದಲ್ಲಿ ಸೀಳಿದಂತೆ ಒಂದು ಕಚ್ಚು ಇದೆ, ತೊಟ್ಟು ಸೇರುವುದು ಆ ಕಚ್ಚಿನಲ್ಲೇ. ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು ಇರುತ್ತವೆ. ಇನ್ನು ನೀರುಬ್ರಾಹ್ಮಿ ಬೇರೆಯೇ ಗಿಡ: ಚಿಕ್ಕ ದಪ್ಪ ಎಲೆ, ಐದೆಸಳಿನ ಬಿಳಿ ಅಥವಾ ತಿಳಿನೇರಳೆ ಹೂ, ಕಹಿ ಜಾಸ್ತಿ. ತಂಬುಳಿಗೆ ಅದಲ್ಲ.

ಒಂದೆಲಗಕ್ಕೂ ಹೂವಿದೆ ಅಂದರೆ ಎಷ್ಟೋ ಜನ ನಂಬುವುದಿಲ್ಲ. ಕೂತು ಎಲೆ ಸರಿಸಿದರೆ ಕಾಣುತ್ತದೆ. ಮಣ್ಣಿಗೆ ಅಂಟಿದಂತೆ ಪುಟ್ಟ ತೊಟ್ಟಿನ ತುದಿಯಲ್ಲಿ ಸಾಮಾನ್ಯವಾಗಿ ಮೂರು ಹೂ, ಸಾಸಿವೆಗಿಂತ ಸ್ವಲ್ಪ ದೊಡ್ಡವು, ನಸುಗೆಂಪು ಬಣ್ಣದವು. ಕೊತ್ತಂಬರಿ, ಜೀರಿಗೆ ಇದ್ದ ಕುಟುಂಬದ್ದೇ ಇದು. ನನಗೆ ಪಾತಿ ಕಳೆ ಕೀಳುವಾಗಿನ ದೊಡ್ಡ ಖುಷಿಯೇ ಈ ಹೂ ಹುಡುಕುವುದು.

ಎರಡು ಮೂರು ತಿಂಗಳಲ್ಲಿ ಪಾತಿ ತುಂಬುತ್ತದೆ. ಕೀಳಬಾರದು, ಕತ್ತರಿಯಲ್ಲಿ ತೊಟ್ಟು ಸಮೇತ ಕತ್ತರಿಸಬೇಕು. ಬಳ್ಳಿ, ಬೇರು ಉಳಿದರೆ ಮತ್ತೆ ಚಿಗುರುತ್ತದೆ, ವರ್ಷಗಟ್ಟಲೆ ಅದೇ ಪಾತಿ ನಡೆಯುತ್ತದೆ. ಮಳೆಗಾಲದಲ್ಲಿ ಬಸವನಹುಳು ಎಲೆ ತೂತು ಮಾಡುತ್ತದೆ, ರಾತ್ರಿ ಬ್ಯಾಟರಿ ಹಿಡಿದು ಹೋಗಿ ಆರಿಸಿ ತೆಗೆಯುತ್ತೇನೆ, ಬೇರೆ ಔಷಧಿ ಹಾಕುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ದಿನಾ ನೀರು ಬೇಕು. ಬಿಸಿಲು ಜಾಸ್ತಿಯಾದರೆ ಎಲೆ ಸಣ್ಣದಾಗಿ ಒರಟಾಗುತ್ತದೆ, ನೆರಳು ಜಾಸ್ತಿಯಾದರೆ ತೊಟ್ಟು ಉದ್ದವಾಗಿ ಎಲೆ ಅಗಲವಾಗುತ್ತದೆ. ತಂಬುಳಿಗೆ ನೆರಳಿನದ್ದೇ ಒಳ್ಳೆಯದು.

ತಂಬುಳಿ ಮಾಡುವುದು ಸುಲಭ. ಒಂದು ಹಿಡಿ ಸೊಪ್ಪನ್ನು ಮೂರ್ನಾಲ್ಕು ನೀರಿನಲ್ಲಿ ತೊಳೆಯಿರಿ. ಒಂದು ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿತುರಿ ಹಾಕಿ, ಹಸಿ ಸೊಪ್ಪಿನ ಜೊತೆ ನುಣ್ಣಗೆ ರುಬ್ಬಿ. ಸಿಹಿ ಮಜ್ಜಿಗೆ, ಉಪ್ಪು ಸೇರಿಸಿ, ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಡಿ. ಕುದಿಸುವುದಿಲ್ಲ. ಊಟಕ್ಕೆ ಕೂತ ಕೂಡಲೇ ಮೊದಲ ತುತ್ತು ಅನ್ನಕ್ಕೆ ಇದು. ಶ್ರೀಲಂಕಾದಲ್ಲಿ ಇದೇ ಸೊಪ್ಪನ್ನು ಸಣ್ಣಗೆ ಹೆಚ್ಚಿ ಕಾಯಿತುರಿ, ಈರುಳ್ಳಿ, ನಿಂಬೆರಸ ಬೆರೆಸಿ ಗೊಟುಕೊಲ ಸಂಬೋಲ ಮಾಡುತ್ತಾರೆ, ನಮ್ಮನೆಯಲ್ಲೂ ಈಗ ಅದು ಆಗುತ್ತದೆ.

ನೆನಪಿನ ಶಕ್ತಿಗೆ ಒಳ್ಳೆಯದು ಅಂತ ಮಕ್ಕಳಿಗೆ ತಿನ್ನಿಸುವ ರೂಢಿ ಇದೆ. ನಾನು ತಿನ್ನಿಸುವುದು ರುಚಿಗೆ, ಹಸಿರು ಸೊಪ್ಪು ಹೊಟ್ಟೆಗೆ ಹೋಗಲಿ ಅಂತ. ಇದರಲ್ಲಿರುವ ಏಷಿಯಾಟಿಕೋಸೈಡ್ ಎಂಬ ಅಂಶವನ್ನು ಗಾಯ ಮಾಯುವ ಮುಲಾಮುಗಳಲ್ಲಿ ಬಳಸುತ್ತಾರೆ, ಈಚೆಗೆ ಚರ್ಮಕ್ಕೆ ಹಚ್ಚಲು ಬಂದಿರುವ ‘ಸಿಕಾ’ ಎಂಬ ಕ್ರೀಮುಗಳೂ ಇದೇ ಗಿಡದ್ದು. ಅಡುಗೆಗೆ ಬಳಸುವುದು ಬೇರೆ, ಮಾತ್ರೆ, ಪುಡಿ ಅಂತ ದಿನಾ ತೆಗೆದುಕೊಳ್ಳುವುದು ಬೇರೆ. ಗರ್ಭಿಣಿಯರು, ಲಿವರ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಆ ಮಾತ್ರೆಗಳನ್ನು ಮುಟ್ಟಬಾರದು.

ಬೆಂಗಳೂರಿನಲ್ಲಿರುವವರು ಕುಂಡದಲ್ಲಿ ಹಾಕಬಹುದು. ಬೇರು ಆಳಕ್ಕೆ ಇಳಿಯುವುದಿಲ್ಲ, ಅಗಲವಾದ ಹಳೇ ಟಬ್ಬು ಸಾಕು. ಬುಡದಲ್ಲಿ ತೂತಿರಲಿ, ಪೂರ್ವದ ಬಾಲ್ಕನಿಯಾದರೆ ಒಳ್ಳೆಯದು. ಬಳ್ಳಿ ಟಬ್ಬಿನ ಅಂಚು ದಾಟಿ ಇಳಿದಾಗ ಆ ತುದಿಯನ್ನೇ ಪಕ್ಕದ ಕುಂಡದ ಮಣ್ಣಿಗೆ ಒತ್ತಿಬಿಡಿ, ಅಲ್ಲೂ ಬೇರು ಬಿಡುತ್ತದೆ.