ಪ್ರಶ್ನೆಪತ್ರಿಕೆಯ ಡಿಟಿಪಿ ಖರ್ಚು ನಿಲ್ಲಿಸಿದ್ದು ಹೇಗೆ: ನನ್ನ ಅನುಭವ

ನಮ್ಮ ಹೈಸ್ಕೂಲಿನ ಪ್ರಶ್ನೆಪತ್ರಿಕೆ, ಪ್ರಗತಿ ಪತ್ರ, ಹಾಜರಿ ಪಟ್ಟಿ, ಪೋಷಕರಿಗೆ ಕಳಿಸುವ ಸೂಚನೆ ಎಲ್ಲವೂ ಈಗ ಯೂನಿಕೋಡ್‌ನಲ್ಲಿವೆ. ಯೂನಿಕೋಡ್ ಅಂದರೆ ಯಾವ ಕಂಪ್ಯೂಟರ್, ಫೋನಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಉಳಿಯುವ ಸಂಕೇತ. ಹೊರಗೆ ಡಿಟಿಪಿಗೆ, ಅಂದರೆ ಟೈಪ್ ಮಾಡಿ ಪುಟ ಜೋಡಿಸಿಕೊಡುವ ಅಂಗಡಿಗೆ, ಕೊಡುವುದು ಪೂರ್ತಿ ನಿಂತಿದೆ. "ಯೂನಿಕೋಡ್ ಏನಿದ್ರೂ ಮೊಬೈಲಿಗೆ ಸಾರ್, ಪ್ರಿಂಟಿಗೆ ಹೋದ್ರೆ ಒತ್ತಕ್ಷರ ಒಡೆಯುತ್ತೆ" ಎಂದಿದ್ದ ಸಹೋದ್ಯೋಗಿಗಳೇ ಈಗ ಪೆನ್‌ಡ್ರೈವ್ ಹಿಡಿದು ನನ್ನ ಮೇಜಿನ ಹತ್ತಿರ ಬರುತ್ತಾರೆ. ಅಕ್ಕಪಕ್ಕದ ಶಾಲೆಯವರೂ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ), ಎಕ್ಸೆಲ್, ಮೇಲ್ ಮರ್ಜ್ (ಪಟ್ಟಿಯಿಂದ ಒಬ್ಬೊಬ್ಬರಿಗೂ ಬೇರೆ ಪತ್ರ ತಯಾರಿಸುವ ಸೌಲಭ್ಯ) ಬಳಸಿ ಅಭ್ಯಾಸ ಇರುವವರಿಗೆ ಇದು.

ಮೊದಲು ದುಡ್ಡಿನ ವಿಷಯ. ಕನ್ನಡ ಡಿಟಿಪಿಗೆ ಪುಟಕ್ಕೆ 40 ರೂಪಾಯಿ ಆಸುಪಾಸು ಕೊಡುತ್ತಿದ್ದೆವು. ಗಣಿತವಾದರೆ 60ರ ತನಕ. ಮೂರು ತರಗತಿ, ನಾಲ್ಕು ಎಫ್‌ಎ (ಕಿರು ಪರೀಕ್ಷೆ), ಎಸ್‌ಎ (ಅರ್ಧವಾರ್ಷಿಕ, ವಾರ್ಷಿಕ ಪರೀಕ್ಷೆ), ಹತ್ತನೆಯವರಿಗೆ ಪೂರ್ವಸಿದ್ಧತಾ ಪರೀಕ್ಷೆ ಎಲ್ಲ ಸೇರಿ ವರ್ಷಕ್ಕೆ ಹೆಚ್ಚು ಕಡಿಮೆ 200 ಪುಟ. ಅಂದರೆ ಒಂಬತ್ತು-ಹತ್ತು ಸಾವಿರ ರೂಪಾಯಿ. ನಮ್ಮಂಥ ಅನುದಾನಿತ ಶಾಲೆಗೆ ಇದು ಸಣ್ಣ ಮೊತ್ತ ಅಲ್ಲ. ಹೊಟ್ಟೆ ಉರಿಯುತ್ತಿದ್ದದ್ದು ಬೇರೆ ಕಾರಣಕ್ಕೆ. ಹೋದ ವರ್ಷದ ಪ್ರಶ್ನೆಯಲ್ಲಿ ನಾಲ್ಕು ಸಾಲು ಬದಲಿಸಿ ಕೊಟ್ಟರೂ ಪೂರ್ತಿ ಪುಟದ ಚಾರ್ಜ್. ಫೈಲ್ ಕೊಡಿ ಅಂದರೆ ಪೇಜ್‌ಮೇಕರ್ ಎಂಬ ಹಳೇ ಪುಟವಿನ್ಯಾಸ ತಂತ್ರಾಂಶದ ಫೈಲ್ ಕೊಡುತ್ತಿದ್ದರು. ನಮ್ಮ ಲ್ಯಾಬಿನಲ್ಲಿ ಅದನ್ನು ತೆರೆಯುವುದು ಯಾವುದರಲ್ಲಿ?

ಆಫೀಸಿನ ಹಳೇ ಕಂಪ್ಯೂಟರಿನಲ್ಲಿ ನಮ್ಮದೇ ಹತ್ತು ವರ್ಷದ ಪ್ರಶ್ನೆಗಳು ನುಡಿಯಲ್ಲಿ ಟೈಪ್ ಆಗಿ ಬಿದ್ದಿದ್ದವು. ಆದರೆ ಅದು ಹಳೇ ಆಸ್ಕಿ ನುಡಿ. ಅದರ ಕಥೆ ಗೊತ್ತಲ್ಲ, ಒಳಗಿರುವುದು ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ಫಾಂಟು. ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ 'ಕನ್ನಡ' ಎಂಬ ಪದ ಒಂದು ಪಿ, ತಲೆ ಮೇಲೆ ಗೀಟಿರುವ ಎ, ನಡುವೆ ಒಂದು ಪೌಂಡ್ ಚಿಹ್ನೆ, ಹೀಗೆ ಕಾಣುತ್ತದೆ. ಹುಡುಕಲು ಆಗಲ್ಲ, ಅಕಾರಾದಿಯಾಗಿ ಜೋಡಿಸಲು ಆಗಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಆಗಲ್ಲ.

ಇದನ್ನೆಲ್ಲ ಮತ್ತೆ ಟೈಪ್ ಮಾಡೋಣ ಎಂದು ಹಂಚಿಕೊಂಡ ಯೋಜನೆ ಎರಡನೇ ವಾರಕ್ಕೇ ಮಲಗಿತು. ಜನಗಣತಿ, ಚುನಾವಣೆ, ತರಬೇತಿ ಅಂತ ಯಾರಾದರೂ ಒಬ್ಬರು ಯಾವಾಗಲೂ ಹೊರಗೆ. ಆಮೇಲೆ ಫೋನಿನಲ್ಲಿ ಧ್ವನಿ ಟೈಪಿಂಗ್ ನೋಡಿದೆ. ಸಮಾಜ ವಿಜ್ಞಾನದ ಉದ್ದುದ್ದ ಪ್ರಶ್ನೆಗೆ ಪರವಾಗಿಲ್ಲ, ಖಾಲಿ ಕೋಣೆಯಲ್ಲಿ ಕುಳಿತು ನಿಧಾನವಾಗಿ ಓದಿದರೆ ಚೆನ್ನಾಗೇ ಬರುತ್ತದೆ. ಸ್ಟಾಫ್ ರೂಮಿನಲ್ಲಿ ಕುಳಿತು ಓದಿದರೆ ಪಕ್ಕದವರ ಮಾತೂ ಪ್ರಶ್ನೆಪತ್ರಿಕೆಗೆ ಸೇರುತ್ತದೆ. ಗಣಿತಕ್ಕಂತೂ ಅದರ ಹೆಸರೇ ಎತ್ತಬೇಡಿ.

ಕೊನೆಗೆ ಉಳಿದದ್ದು ಪರಿವರ್ತಕ. ನೆಟ್‌ನಲ್ಲಿ ಉಚಿತವಾಗಿ ನಾಲ್ಕಾರು ಸಿಗುತ್ತವೆ. ನುಡಿ ಪಠ್ಯ ಅಂಟಿಸಿದರೆ ಯೂನಿಕೋಡ್ ಕೊಡುತ್ತವೆ. ಎಲ್ಲರೂ ಇಲ್ಲಿಗೆ ಬಂದು, ಒಂದು ಸಲ ಮಾಡಿ ನೋಡಿ, ಬೈದು ಬಿಟ್ಟುಬಿಡುತ್ತಾರೆ. ಯಾಕೆ ಬಿಡುತ್ತಾರೆ ಅನ್ನುವುದಕ್ಕೆ ಎರಡು ಕಾರಣ ಇವೆ.

ಒಂದು, ಅರ್ಕಾವತ್ತು. ಆಸ್ಕಿ ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ತರದಿದ್ದರೆ ಕಾರ್ಯ ಹೋಗಿ 'ಕಾಯರ್' ಆಗುತ್ತದೆ, ವರ್ಷ 'ವಷರ್', ಸೂರ್ಯ 'ಸೂಯರ್'. ಇಂಥ ಪದಗಳನ್ನು ನೀವೂ ಎಲ್ಲೆಲ್ಲೋ ನೋಡಿರುತ್ತೀರಿ. ಒಳ್ಳೆಯ ಪರಿವರ್ತಕ ಬಹುಪಾಲು ಸರಿ ಮಾಡುತ್ತದೆ, ಆದರೂ ಸಾಲಿಗೊಂದು ತಪ್ಪಿಸಿಕೊಳ್ಳುತ್ತದೆ. ಸುಮ್ನೆ 'ಯರ್' ಇದ್ದಲ್ಲೆಲ್ಲ 'ರ್ಯ' ಮಾಡು ಎಂದು ಫೈಂಡ್-ರಿಪ್ಲೇಸ್ ಕೊಡಬೇಡಿ. ಇಂಜಿನಿಯರ್ ಹೋಗಿ 'ಇಂಜಿನಿರ್ಯ' ಆಗುತ್ತಾನೆ, ಟಾಯರ್ 'ಟಾರ್ಯ' ಆಗುತ್ತದೆ. ಪೂರ್ತಿ ಪದಗಳದ್ದೇ ಪಟ್ಟಿ ಬೇಕು. ನನ್ನ ಪಟ್ಟಿಯಲ್ಲಿ ಈಗ ಮುನ್ನೂರರಷ್ಟು ಪದಗಳಿವೆ. ಅದು ನನ್ನ ಬಂಡವಾಳ, ಇಲ್ಲಿ ಹಾಕುವುದಿಲ್ಲ. ನಿಮ್ಮ ವಿಷಯದ ಪದಗಳನ್ನು ನೀವೇ ಕೂಡಿಸಿಕೊಳ್ಳಿ, ಮೊದಲ ಐವತ್ತು ಸಿಕ್ಕರೆ ಮುಕ್ಕಾಲು ಕೆಲಸ ಮುಗಿದಂತೆ.

ಎರಡನೆಯದು ಜಾಸ್ತಿ ತಲೆನೋವು. ಗಣಿತ, ವಿಜ್ಞಾನದ ಪತ್ರಿಕೆಯಲ್ಲಿ ಇಂಗ್ಲಿಷ್ ಅಕ್ಷರಗಳೂ ಇರುತ್ತವಲ್ಲ. ಪರಿವರ್ತಕಕ್ಕೆ ಅಂಟಿಸಿದಾಗ ಫಾಂಟಿನ ಮಾಹಿತಿ ಹೋಗುತ್ತದೆ, ಅದಕ್ಕೆ ಎಲ್ಲವೂ ನುಡಿಯೇ. ತ್ರಿಭುಜ ಡಿಇಎಫ್ ಅಂತ ಇದ್ದದ್ದು 'ತ್ರಿಭುಜ ಆಇಈ' ಆಯಿತು. ತ್ರಿಭುಜ ಎಬಿಸಿಯಂತೂ ಒಂದು ಸೊನ್ನೆ, ಒಂದು ವಿಸರ್ಗ, ಒಂದು 'ಅ' ಆಗಿ ನಿಂತಿತ್ತು. ಸ್ಟಾಫ್ ರೂಮಿನಲ್ಲಿ ಅದನ್ನು ತೋರಿಸಿ ನಕ್ಕವರ ಹೆಸರು ನನಗೆ ನೆನಪಿದೆ.

ಇದಕ್ಕೆ ದಾರಿ ವರ್ಡ್ ಥರದ ಉಚಿತ ತಂತ್ರಾಂಶ ಲಿಬ್ರೆ ಆಫೀಸ್ ರೈಟರ್‌ನಲ್ಲಿ ಸಿಕ್ಕಿತು. ಫೈಂಡ್-ರಿಪ್ಲೇಸ್‌ನಲ್ಲಿ ಅಕ್ಷರ ಹುಡುಕುವ ಬದಲು ಫಾರ್ಮ್ಯಾಟ್ ಒತ್ತಿ ಫಾಂಟ್ ಹುಡುಕಬಹುದು. ಟೈಮ್ಸ್ ನ್ಯೂ ರೋಮನ್‌ನಲ್ಲಿ ಇರುವುದನ್ನೆಲ್ಲ ಒಟ್ಟಿಗೆ ಆರಿಸಿ ಕೆಂಪು ಬಣ್ಣ ಹಾಕಿ. ಆ ಕೆಂಪು ತುಣುಕುಗಳನ್ನು ಒಂದೊಂದಾಗಿ ತೆಗೆದು ಅಲ್ಲಲ್ಲಿ 7001, 7002 ಹೀಗೆ ಅಂಕಿ ಇಡಿ. ನಾನು ಬಳಸುವ ಪರಿವರ್ತಕ ಅಂಕಿಗಳನ್ನು ಮುಟ್ಟುವುದಿಲ್ಲ. ಪರಿವರ್ತನೆ ಆದ ಮೇಲೆ ಅಂಕಿ ತೆಗೆದು ಇಂಗ್ಲಿಷ್ ತುಣುಕನ್ನು ವಾಪಸ್ ಕೂರಿಸಿ. ಒಂದು ಗಣಿತ ಪತ್ರಿಕೆಯಲ್ಲಿ ಇಂಥ ಜಾಗ ನಲವತ್ತು ಐವತ್ತು ಇರುತ್ತವೆ. ಕೈಯಲ್ಲಿ ಮಾಡಿದರೆ ಮುಕ್ಕಾಲು ಗಂಟೆ. ನಾನು ಇದಕ್ಕೆ ಮ್ಯಾಕ್ರೋ (ಈ ಹಂತಗಳನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಂ) ಮಾಡಿಕೊಂಡಿದ್ದೇನೆ, ಎರಡು ನಿಮಿಷ ಸಾಕು. ಮ್ಯಾಕ್ರೋ ಯಾಕೆ ಕೊಡುತ್ತಿಲ್ಲ ಅಂದರೆ, ಅದು ನನ್ನ ಫೈಲುಗಳ ಅವಲಕ್ಷಣಕ್ಕೆ ತಕ್ಕಂತೆ ಹೊಲಿದದ್ದು. ನಿಮ್ಮದರಲ್ಲಿ ಬೇರೇನೋ ಹಾಳು ಮಾಡಿದರೆ ಬೈಗುಳ ನನಗೇ ಬರುತ್ತದೆ.

ಸುಮ್ನೆ ಒಂದು ಪ್ರಯೋಗ ಮಾಡಿದ್ದು ಬಹಳ ಉಪಯೋಗಕ್ಕೆ ಬಂತು. ಯೂನಿಕೋಡ್ ಆದ ಪಠ್ಯವನ್ನು ಫೋನ್ ಗಟ್ಟಿಯಾಗಿ ಓದಿ ಹೇಳುತ್ತದೆ. ಓದಲು ಕಷ್ಟಪಡುವ ಮಕ್ಕಳಿಗೆ ಪಾಠದ ಟಿಪ್ಪಣಿ ಕೇಳಿಸೋಣ ಎಂದು ಶುರು ಮಾಡಿದೆ. ಮಕ್ಕಳು ಅದರ ದನಿಗೆ ನಗುತ್ತಲೇ ಕಾಲ ಕಳೆದರು, ಆ ಕಥೆ ಬಿಡಿ. ಆದರೆ ಕರಡು ತಿದ್ದಲು ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ನಾವು ಓದುವಾಗ ಕಣ್ಣು 'ಕಾಯರ್' ಅನ್ನು ಕಾರ್ಯ ಎಂದೇ ಓದಿಬಿಡುತ್ತದೆ. ಫೋನ್ 'ಕಾಯರ್' ಎಂದೇ ಹೇಳುತ್ತದೆ. ಕೈಯಲ್ಲಿ ಪೆನ್ನು ಹಿಡಿದು ಕೇಳುತ್ತಾ ಹೋಗಿ, ತಪ್ಪುಗಳು ತಾವಾಗಿ ಸಿಕ್ಕಿಬೀಳುತ್ತವೆ.

ಇನ್ನು ಪ್ರಿಂಟಿನ ಮಾತು. ಒತ್ತಕ್ಷರ ಒಡೆಯುತ್ತೆ ಅನ್ನುವ ಭಯಕ್ಕೆ ಕಾರಣ ಪೇಜ್‌ಮೇಕರ್, ಅದಕ್ಕೆ ಯೂನಿಕೋಡ್ ಬರುವುದೇ ಇಲ್ಲ. ರೈಟರ್‌ನಲ್ಲಿ ಮಾಡಿ ಪಿಡಿಎಫ್ ತೆಗೆದುಕೊಟ್ಟರೆ ಫಾಂಟ್ ಒಳಗೇ ಇರುತ್ತದೆ, ಎಲ್ಲಿ ತೆರೆದರೂ ಒಂದೇ ಥರ. ಆದರೆ ಪಿಡಿಎಫ್ ಇದೆಯಲ್ಲ ಅಂತ ಮೂಲ ಫೈಲ್ ಅಳಿಸಬೇಡಿ. ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿದರೆ ಅಕ್ಷರಗಳು ಕಲಸಿಹೋಗಿ ಬರುವುದೇ ಹೆಚ್ಚು. ನಾನು ಪತ್ರಿಕೆಗೆ ನೋಟೋ ಸೆರಿಫ್ ಕನ್ನಡ ಬಳಸುತ್ತೇನೆ, ಜೆರಾಕ್ಸಿನಲ್ಲಿ ಎದ್ದು ಕಾಣುತ್ತದೆ. ರೈಟರ್‌ನ ಸ್ಟೈಲ್‌ನಲ್ಲಿ ಕನ್ನಡದ ಫಾಂಟು, ಸೈಜು ಎರಡನ್ನೂ ಸಿಟಿಎಲ್ (ಕನ್ನಡದಂಥ ಲಿಪಿಗಳಿಗೆ ಇರುವ ಭಾಗ) ಅನ್ನುವ ಜಾಗದಲ್ಲಿ ಕೊಡಬೇಕು. ಮೇಲಿನ ವೆಸ್ಟರ್ನ್ ಜಾಗದಲ್ಲಿ ಎಷ್ಟು ಬದಲಿಸಿದರೂ ಕನ್ನಡ ಅಲ್ಲಾಡುವುದಿಲ್ಲ.

ದುಡ್ಡು ಸೋರುವುದು ಸಾಲಿನ ಅಂತರದಲ್ಲಿ. ಯೂನಿಕೋಡ್ ಫಾಂಟುಗಳು ಒತ್ತಕ್ಷರಕ್ಕೆ ಜಾಗ ಬಿಡಬೇಕಲ್ಲ, ಸಾಲುಗಳು ದೂರ ದೂರ ಕೂರುತ್ತವೆ. ನಾಲ್ಕು ಪುಟಕ್ಕೆ ಮುಗಿಯುತ್ತಿದ್ದ ಪತ್ರಿಕೆ ಐದಾಯಿತು. ಮೊದಲ ಎಸ್‌ಎಯಲ್ಲಿ 300 ಮಕ್ಕಳು, ಆರು ವಿಷಯ, ಪುಟಕ್ಕೆ ಒಂದು ರೂಪಾಯಿ ಅಂದರೂ 1,800 ರೂಪಾಯಿ ಜಾಸ್ತಿ. "ಡಿಟಿಪಿ ಉಳಿಸಿ ಜೆರಾಕ್ಸಿಗೆ ಕೊಟ್ಟಂಗಾಯ್ತು ಮೇಷ್ಟ್ರೇ" ಎಂದರು ಆಡಳಿತ ಮಂಡಳಿಯವರು. ಸಾಲಿನ ಅಂತರವನ್ನು ಫಿಕ್ಸ್ಡ್ ಮಾಡಿ, 12 ಸೈಜಿಗೆ 17 ಅಥವಾ 18 ಪಾಯಿಂಟ್ ಕೊಟ್ಟ ಮೇಲೆ ಮತ್ತೆ ನಾಲ್ಕು ಪುಟಕ್ಕೆ ಇಳಿಯಿತು. ಅದಕ್ಕಿಂತ ಕಡಿಮೆ ಮಾಡಿದರೆ 'ಸ್ತ್ರೀ' ಥರದ ಅಕ್ಷರದ ಕೆಳಗಿನ ಒತ್ತು ಮುಂದಿನ ಸಾಲಿನ ತಲೆಗೆ ತಾಗುತ್ತದೆ.

ಪ್ರಗತಿ ಪತ್ರ ಇದರ ಲಾಭದ ಭಾಗ. ಅಂಕಗಳು ಎಕ್ಸೆಲ್‌ನಲ್ಲಿ, ಎ ಪ್ಲಸ್‌ನಿಂದ ಸಿ ತನಕ ಗ್ರೇಡ್ ಲುಕಪ್‌ನಲ್ಲಿ (ಪಟ್ಟಿಯಲ್ಲಿ ಹುಡುಕಿ ತರುವ ಎಕ್ಸೆಲ್ ಸೂತ್ರ), ಕಾರ್ಡ್ ಮೇಲ್ ಮರ್ಜ್‌ನಲ್ಲಿ. ಇಲ್ಲಿ ಕಾಡಿದ್ದು ಹೆಸರುಗಳು. ಕನ್ನಡದ ಅಂಕಿ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ. ಯಾರೋ 'ಗಂಗಾ' ಎಂಬುದನ್ನು ಅಂಕಿ ಸೊನ್ನೆ ಹಾಕಿ 'ಗ೦ಗಾ' ಎಂದು ಟೈಪ್ ಮಾಡಿದ್ದರು. ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಎಕ್ಸೆಲ್ ಮಾತ್ರ ಇಬ್ಬರೂ ಬೇರೆ ಬೇರೆ ಅನ್ನುತ್ತದೆ, ಹುಡುಗಿಯ ಅಂಕ ಖಾಲಿ ಬರುತ್ತದೆ. ಪದದ ನಡುವೆ ಕಾಣದೆ ಕೂರುವ, ಅಗಲವೇ ಇಲ್ಲದ ಅಕ್ಷರಗಳದ್ದೂ ಇದೇ ಕಾಟ. ಹಾಗಾಗಿ ಹೆಸರಿನ ಮೇಲೆ ಲುಕಪ್ ಮಾಡುವುದನ್ನೇ ಬಿಟ್ಟು ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಸಂಖ್ಯೆ) ಹಿಡಿದೆ. ಅಲ್ಲಿಂದ ಆ ತಾಪತ್ರಯವಿಲ್ಲ.

ಸಿಎಸ್‌ವಿ (ಕೋಷ್ಟಕವನ್ನು ಅಲ್ಪವಿರಾಮ ಹಾಕಿದ ಬರೀ ಪಠ್ಯವಾಗಿ ಉಳಿಸುವ ಫೈಲು) ಬಗ್ಗೆ ಒಂದೇ ಮಾತು. ಕನ್ನಡ ಇರುವ ಶೀಟನ್ನು ಎಕ್ಸೆಲ್‌ನಲ್ಲಿ ಸಾದಾ ಸಿಎಸ್‌ವಿಯಾಗಿ ಸೇವ್ ಮಾಡಿ ಮುಚ್ಚಿದರೆ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತವೆ, ವಾಪಸ್ ಬರುವುದಿಲ್ಲ. ಹೊಸ ಎಕ್ಸೆಲ್‌ನಲ್ಲಿ ಸಿಎಸ್‌ವಿ ಯುಟಿಎಫ್-8 ಎಂದು ಬೇರೆಯೇ ಇದೆ, ಅದನ್ನು ಆರಿಸಿ. ಮೇಲ್ ಮರ್ಜ್‌ಗಾದರೆ ಸಿಎಸ್‌ವಿ ಬೇಕಾಗಿಯೂ ಇಲ್ಲ, ಎಕ್ಸೆಲ್ ಫೈಲನ್ನೇ ಕೊಡಿ.

ಹಿರಿಯ ಶಿಕ್ಷಕರ ಪ್ರಶ್ನೆ ಯಾವಾಗಲೂ ಒಂದೇ: "ನಮಗೆ ಹೊಸ ಕೀಬೋರ್ಡ್ ಕಲಿಯೋಕೆ ಆಗಲ್ಲಪ್ಪಾ." ಕಲಿಯಬೇಕಾಗಿಲ್ಲ. ಹೊಸ ನುಡಿಯಲ್ಲಿ ಯೂನಿಕೋಡ್ ಆರಿಸಿಕೊಂಡರೆ ಅದೇ ಕೀಲಿ, ಅದೇ ಬೆರಳು. ಲಿನಕ್ಸ್ ಇರುವ ಲ್ಯಾಬಿನಲ್ಲೂ ಕೆಜಿಪಿ ವಿನ್ಯಾಸ, ಅಂದರೆ ನುಡಿಯದೇ ಕೀಲಿ ಜೋಡಣೆ, ಸಿಗುತ್ತದೆ. ನಮ್ಮ ಕನ್ನಡ ಮೇಡಂ ಒಂದು ಬೆಳಿಗ್ಗೆಯಲ್ಲಿ ಒಗ್ಗಿಕೊಂಡರು, ಈಗ ನನಗಿಂತ ವೇಗ.

ಈಗ ವರ್ಷದ ಖರ್ಚು ಅಂದರೆ ಜೆರಾಕ್ಸ್, ಪ್ರಿಂಟರಿಗೆ ಎರಡು ಮೂರು ಸಲ ಟೋನರ್ ರೀಫಿಲ್, ಅಷ್ಟೇ. ಉಳಿದ ದುಡ್ಡಿನಲ್ಲಿ ಲ್ಯಾಬಿಗೆ ಒಂದು ಯುಪಿಎಸ್ ಬಂತು. ಎಚ್‌ಎಂ ಸರ್ ಅದನ್ನು ಸಭೆಯಲ್ಲಿ ಎರಡು ಸಲ ಹೇಳಿದರು, ನಾನು ತಡೆಯಲಿಲ್ಲ.

ಬಾಕಿ ಇರುವುದು ಶ್ರೀಲಿಪಿ ಎಂಬ ಇನ್ನೊಂದು ಕನ್ನಡ ತಂತ್ರಾಂಶದಲ್ಲಿ ಮಾಡಿಸಿದ ಒಂದಷ್ಟು ಹಳೇ ಫೈಲುಗಳು. ಅದರ ಸಂಕೇತಗಳೇ ಬೇರೆ, ನುಡಿ ಪರಿವರ್ತಕಕ್ಕೆ ಹಾಕಿದರೆ ಕಸ ಬರುತ್ತದೆ. ಅವುಗಳ ಪ್ರಿಂಟ್ ತೆಗೆದು, ಫೋಟೊ ಹೊಡೆದು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆಯುತ್ತಿದ್ದೇನೆ. ಅಚ್ಚಿನ ಕನ್ನಡವನ್ನು ಅದು ಚೆನ್ನಾಗಿ ಓದುತ್ತದೆ. ಭಿನ್ನರಾಶಿ, ಕೋಷ್ಟಕ ಬಂದಲ್ಲಿ ಕಂಗಾಲಾಗುತ್ತದೆ. ಹಾಗಾಗಿ ಸಮಾಜ ವಿಜ್ಞಾನ, ಕನ್ನಡ ಮೊದಲು ಮುಗಿಸುತ್ತಿದ್ದೇನೆ. ಶ್ರೀಲಿಪಿಯ ಗಣಿತ ಫೈಲುಗಳನ್ನು ಯಾರಾದರೂ ಕೈಯಲ್ಲಿ ಟೈಪ್ ಮಾಡದೆ ತಂದಿದ್ದರೆ ಹೇಳಿ, ಮುನ್ನೂರು ಪದಗಳ ಪಟ್ಟಿ ಅದಕ್ಕೆ ಬದಲಾಗಿ ಕೊಡುತ್ತೇನೆ.