ಮರಳಿನ ಬಿಸಿ ಅಳೆಯಲು ಕಲಿತದ್ದು

ಕಡಲಾಮೆ ಗೂಡು ಕಾಯುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಲೆಕ್ಕ. ಎಷ್ಟು ಮೊಟ್ಟೆ ಇಟ್ಟಿತು, ಎಷ್ಟು ಮರಿ ಕಡಲು ಸೇರಿತು. ಒಂದು ಗೂಡಿಗೆ ಹೆಚ್ಚುಕಡಿಮೆ 100 ಮೊಟ್ಟೆ. ನಾಯಿ, ಏಡಿಗಳ ಬಾಯಿಗೆ ಸಿಗದಂತೆ ಉಳಿಸಿದರೆ ಸಾಕು ಅಂದುಕೊಂಡಿದ್ದೆ.

ಆದರೆ ಮರಿ ಗಂಡೋ ಹೆಣ್ಣೋ ಅನ್ನುವುದು ಮರಳಿನ ಬಿಸಿಯ ಮೇಲೆ ನಿಂತಿದೆ. ಸುಮಾರು 29 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡೂ ಹೆಚ್ಚುಕಡಿಮೆ ಸಮ. ಇನ್ನೆರಡು ಡಿಗ್ರಿ ಏರಿದರೆ ಬಹುತೇಕ ಎಲ್ಲವೂ ಹೆಣ್ಣು. ಮರಿಯನ್ನು ಕೈಯಲ್ಲಿ ಹಿಡಿದು ನೋಡಿದರೂ ಇದು ಗೊತ್ತಾಗುವುದಿಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ಕಡೆ ಹುಟ್ಟಿದ ಎಳೆಯ ಹಸಿರು ಕಡಲಾಮೆಗಳಲ್ಲಿ ಶೇ. 99ಕ್ಕೂ ಜಾಸ್ತಿ ಹೆಣ್ಣು ಎಂದು 2018ರಲ್ಲಿ ಒಂದು ಅಧ್ಯಯನ ಹೇಳಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಇಷ್ಟು ವರ್ಷ ಬಿಟ್ಟ ಮರಿಗಳಲ್ಲಿ ಗಂಡು ಎಷ್ಟಿದ್ದವು?

ಅದೇ ಸಲದ ಬೇಸಿಗೆಯಲ್ಲಿ ಒಂದು ಗೂಡಿನಿಂದ ಮರಿಗಳು ಹೊರಬರಲೇ ಇಲ್ಲ. ಕಾದು ಕಾದು ಕೊನೆಗೆ ಅಗೆದೆ. ಒಂದು ಮೊಟ್ಟೆ ಬಿಡಿಸಿ ನೋಡಿದರೆ ಒಳಗೆ ಪೂರ್ತಿ ಬೆಳೆದ ಮರಿ, ರೆಕ್ಕೆಯಂಥ ಕೈಗಳನ್ನು ಮಡಚಿಕೊಂಡು ಹಾಗೇ ಸತ್ತಿತ್ತು. ಪಕ್ಕದ್ದೂ ಹಾಗೇ. ತಪ್ಪು ನನ್ನದೇ. ಅಲೆ ಬಡಿಯುವ ಜಾಗದಿಂದ ಮೊಟ್ಟೆಗಳನ್ನು ಎತ್ತಿ ತಂದು, ಒಂದಿಷ್ಟೂ ನೆರಳಿಲ್ಲದ ಜಾಗದಲ್ಲಿ ಹೂತಿದ್ದೆ.

ಆಮೇಲೆ ಅಂಗಿ ಗುಂಡಿಯಷ್ಟು ಚಿಕ್ಕ ತಾಪಮಾನದ ಲಾಗರ್‌ಗಳನ್ನು, ಅಂದರೆ ಬಿಸಿಯನ್ನು ತಾವಾಗಿಯೇ ಅಳೆದು ದಾಖಲಿಸಿಡುವ ಸಾಧನಗಳನ್ನು, ತಂದೆ. ನೀರು ಹೋಗದಂತೆ ಸುತ್ತಿ, ದಾರ ಕಟ್ಟಿ, ಮೊಟ್ಟೆಗಳ ನಡುವೆಯೇ ಇಡುತ್ತೇನೆ. ಮೇಲಿನ ಮರಳನ್ನು ಅಳೆದರೆ ಏನೂ ಪ್ರಯೋಜನ ಇಲ್ಲ. ಬೆಳೆಯುವ ಮರಿಗಳು ತಾವೇ ಬಿಸಿ ಹುಟ್ಟಿಸುತ್ತವೆ, ಕೊನೆಯ ವಾರಗಳಲ್ಲಂತೂ ಗೂಡು ಸುತ್ತಲಿನ ಮರಳಿಗಿಂತ ಬಿಸಿ ಇರುತ್ತದೆ. ಗಂಡು-ಹೆಣ್ಣು ತೀರ್ಮಾನ ಆಗುವುದು ಕಾವಿನ ಅವಧಿಯ ನಡುವಿನ ಮೂರನೇ ಒಂದು ಪಾಲಿನಲ್ಲಿ. ಆ ದಿನಗಳ ಅಂಕಿಯನ್ನೇ ನಾನು ಮತ್ತೆ ಮತ್ತೆ ನೋಡುವುದು.

ಮೊಟ್ಟೆ ಸಾಗಿಸಲೇಬೇಕಾದರೆ ಇಟ್ಟ ಕೆಲವೇ ಗಂಟೆಗಳೊಳಗೆ ಮುಗಿಸುತ್ತೇನೆ, ತಿರುಗಿಸುವುದೇ ಇಲ್ಲ. ತಡವಾಗಿ ತಿರುಗಿಸಿದರೆ ಒಳಗಿನ ಜೀವ ಉಳಿಯುವುದು ಕಷ್ಟ.

ಈಗ ಅರ್ಧ ಗೂಡುಗಳಿಗೆ ಶೇಡ್ ನೆಟ್ ಕಟ್ಟುತ್ತೇನೆ, ಉಳಿದರ್ಧ ಹಾಗೇ ಬಿಡುತ್ತೇನೆ. ಎಲ್ಲಕ್ಕೂ ನೆರಳು ಯಾಕೆ ಬೇಡ ಅಂತ ಕೇಳುತ್ತಾರೆ. ಹೆಣ್ಣೂ ಬೇಕಲ್ವಾ? ಎರಡು ಕಡೆಯ ಅಂಕಿ ಹೋಲಿಸಿ ನೋಡದೆ ನೆಟ್ ಎಷ್ಟು ಕೆಲಸ ಮಾಡಿತು ಅನ್ನುವುದೂ ತಿಳಿಯುವುದಿಲ್ಲ.

ಕಳೆದ ಸಲ ನೆರಳಿನ ಗೂಡುಗಳ ಮರಿಗಳು ಕೆಲವು ದಿನ ತಡವಾಗಿ ಬಂದವು. ತಂಪಾದ ಗೂಡಿಗೆ ದಿನ ಜಾಸ್ತಿ ಬೇಕು. ರಾತ್ರಿ ಟಾರ್ಚ್ ಆರಿಸಿ ಕೂತಿದ್ದೆ. ಮರಳು ಸಣ್ಣಗೆ ಕುಸಿಯಿತು, ಒಂದು ತಲೆ ಕಂಡಿತು, ಹಿಂದೆಯೇ ಇನ್ನೆರಡು.